ಒಲೆಯ ಮೇಲಿನ ಹಾಲಿನ ಕವರುಗಳು

ನಮ್ಮ ಅಡುಗೆಮನೆಯಲ್ಲಿ ಒಲೆಯ ಮೇಲ್ಗಡೆ, ಈ ಗೋಡೆಯಿಂದ ಆ ಗೋಡೆಗೆ ಒಂದು ಹುರಿ ಕಟ್ಟಿತ್ತು. ತೊಳೆದ ಹಾಲಿನ ಕವರುಗಳನ್ನು ಅದರ ಮೇಲೆ ಬಟ್ಟೆ ಒಣಹಾಕಿದ ಹಾಗೆ ಸಾಲಾಗಿ ಹಾಕಿರುತ್ತಿದ್ದರು. ಹಾಕುತ್ತಿದ್ದವಳು ಅಜ್ಜಿ, ಅಪ್ಪನ ತಾಯಿ. ಅದನ್ನು ತೆಗೆಯಬೇಕು ಎನ್ನುತ್ತಿದ್ದವಳು ಅವ್ವ. ನಾನು ಊಟ ಮಾಡುತ್ತಿದ್ದದ್ದು, ಓದಿಕೊಳ್ಳುತ್ತಿದ್ದದ್ದು, ಚಳಿಗೆ ಕೈ ಕಾಯಿಸಿಕೊಳ್ಳುತ್ತಿದ್ದದ್ದು ಎಲ್ಲ ಆ ಹುರಿಯ ಕೆಳಗೇ. ಹೊಗೆಗೆ ಅಲುಗಾಡುವ ಕವರುಗಳ ಚರಚರ ಸದ್ದು ಕೇಳಿಸುತ್ತಿದ್ದರೆ ಮನೆಯಲ್ಲಿ ಇಬ್ಬರೂ ಮಾತು ಬಿಟ್ಟಿದ್ದಾರೆ ಎಂದು ಅರ್ಥ. ಅವ್ವ ಈ ಮಳೆಗಾಲದ ಮೊದಲಲ್ಲಿ ತೀರಿಕೊಂಡಳು. ಮಾತಾಡಿಸಿಕೊಂಡು ಹೋಗಲು ಬಂದವರು ಅಡುಗೆಮನೆ ನೋಡಿ, ಒಂದು ಪ್ಲಾಸ್ಟಿಕ್ ಡಬ್ಬಿಯೂ ಇಲ್ಲವಲ್ಲ, ಎಷ್ಟು ಅಚ್ಚುಕಟ್ಟು ಎಂದು ಹೇಳುತ್ತಾರೆ. ಅಚ್ಚುಕಟ್ಟು ಹೌದು. ಅದಕ್ಕೆ ಏನು ತೆತ್ತಿದ್ದಾಳೆ ಎಂಬುದು ಅವರಿಗೆ ಗೊತ್ತಿಲ್ಲ. ಗೊತ್ತಿದ್ದವಳು ನಾನೊಬ್ಬಳೇ ಎಂದುಕೊಂಡಿದ್ದೆ.

ಊಟಿಯ ಬಳಿ ಸೋಲೂರಿಗೆ ಹೋಗುವ ರಸ್ತೆಯ ಕೆಳಗೆ, ಇಳಿಜಾರಿನಲ್ಲಿ ನಮ್ಮ ಮನೆ. ಒಂದರ ಹಿಂದೊಂದು ಮೂರು ಕೋಣೆ, ತಗಡಿನ ಸೂರು, ಹಿಂದೆ ಒಂದಿಷ್ಟು ಟೀ ಗಿಡ. ತಾತನ ಕಾಲಕ್ಕೆ ಗುಂಡ್ಲುಪೇಟೆ ಕಡೆಯಿಂದ ಆಲೂಗಡ್ಡೆ ಬೆಳೆಯಲು ಘಟ್ಟ ಹತ್ತಿ ಬಂದವರು ನಾವು. ಅಪ್ಪ ಟೀ ಸೊಪ್ಪನ್ನು ಫ್ಯಾಕ್ಟರಿಗೆ ಸಾಗಿಸುವ ಲಾರಿ ಓಡಿಸುತ್ತಿದ್ದ. ಮಧ್ಯದ ಕೋಣೆ ಅಜ್ಜಿಯದು. ಬಯಲುಸೀಮೆಯ ಬಿಸಿಲಿನಿಂದ ಬಂದ ಅವಳಿಗೆ ಇಲ್ಲಿಯ ಮಂಜು ಎಂದರೆ ಮನೆಗೆ ನುಗ್ಗುವ ಕಳ್ಳನಿದ್ದ ಹಾಗೆ. ಉಪ್ಪು ನೀರಾಗುತ್ತಿತ್ತು, ಬೆಂಕಿಪೆಟ್ಟಿಗೆ ಸಾಯುತ್ತಿತ್ತು, ವಿಭೂತಿ ಹಿಟ್ಟಿನಂತೆ ಕಲಸಿಕೊಳ್ಳುತ್ತಿತ್ತು. ಹಾಗಾಗಿ ಪ್ಲಾಸ್ಟಿಕ್ ಕವರು ಕೈಗೆ ಸಿಕ್ಕಿದಾಗ ಅವಳಿಗೆ ದೊಡ್ಡ ಆಸರೆ ಸಿಕ್ಕಂತಾಯಿತು. ಅಕ್ಕಪಕ್ಕದ ಮನೆಯವರು ಎಸೆದದ್ದನ್ನೂ ತಂದು ತೊಳೆದು, ಒಣಗಿಸಿ, ಅಂಗೈಯಗಲ ಮಡಿಸಿ, ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಹಾಸಿಗೆಯಡಿ ಇಟ್ಟುಕೊಳ್ಳುತ್ತಿದ್ದಳು. ಅವರೆಬೀಜ ಒಂದರಲ್ಲಿ, ಹುಣಸೆಹಣ್ಣು ಇನ್ನೊಂದರಲ್ಲಿ. ಮಳೆ ಬಂದರೆ ದೊಡ್ಡದೊಂದು ಕವರನ್ನು ತಲೆಗೆ ಟೊಪ್ಪಿಗೆಯಂತೆ ಹಾಕಿಕೊಂಡು ಹೊರಡುತ್ತಿದ್ದಳು.

ಅಂಗಡಿಗಳಲ್ಲಿ ಕವರು ಕೊಡಬಾರದು ಎಂದು ನಮ್ಮ ಜಿಲ್ಲೆಯಲ್ಲಿ ಬಿಗಿ ಮಾಡಿದ ಹೊಸತರಲ್ಲಿ ಹೆಂಗಸರ ಸಂಘದವರಿಗೆ ಬಟ್ಟೆಚೀಲ ಹೊಲಿಯುವ ಕೆಲಸ ಬಂತು. ಅವ್ವ ಸೊಪ್ಪು ಕೀಳುವುದು ಬಿಟ್ಟು ಹೊಲಿಗೆ ಕಲಿತಳು. ಮುಂದಿನ ಕೋಣೆಯಲ್ಲಿ ಮಿಷನ್ನು ಬಂದು ಕೂತಿತು. ತಾನು ಮಾಡದ್ದನ್ನು ಇನ್ನೊಬ್ಬರಿಗೆ ಹೇಳಲು ಅವ್ವನಿಗೆ ಬರುತ್ತಿರಲಿಲ್ಲ. ಬಟ್ಟೆಚೀಲ ಮಾರುವವಳ ಮನೆಯಲ್ಲಿ ಪ್ಲಾಸ್ಟಿಕ್ ಇರಬಾರದು ಎಂದು ಅವಳೇ ತೀರ್ಮಾನ ಮಾಡಿಕೊಂಡಳು. ಪ್ಯಾಕೆಟ್ಟು ಹಾಲು ನಿಲ್ಲಿಸಿ, ಮೇಲಿನ ಹಟ್ಟಿಯಲ್ಲಿ ಹಸು ಕಟ್ಟಿದ್ದವರ ಮನೆಗೆ ನನ್ನ ಕೈಯಲ್ಲಿ ಸ್ಟೀಲ್ ಕ್ಯಾನು ಕೊಟ್ಟು ಕಳಿಸತೊಡಗಿದಳು. ಎಣ್ಣೆಗೆ ಗಾಜಿನ ಬಾಟಲಿ. ಪಾತ್ರೆ ಉಜ್ಜಲು ನೈಲಾನಿನ ಬದಲು ಊರ ಕಡೆಯಿಂದ ತರಿಸಿದ ಒಣ ಹೀರೆಕಾಯಿಯ ನಾರು. ಬಚ್ಚಲಿಗೆ ಸೊಟ್ಟಗಾದ ಅಲ್ಯೂಮಿನಿಯಂ ಚೊಂಬು. ಒಂದೊಂದು ವಸ್ತು ಒಳಗೆ ಬಂದಾಗಲೂ, ಒಂದೊಂದು ಹೊರಗೆ ಹೋದಾಗಲೂ ಜಗಳ. ಹಳದಿ ಪ್ಲಾಸ್ಟಿಕ್ ಕೊಡದ ಜಾಗಕ್ಕೆ ತಾಮ್ರದ ಕೊಡ ಬಂದ ದಿನ ಅಜ್ಜಿ ಅದನ್ನು ಎತ್ತಲು ಹೋಗಿ, ಎತ್ತಲಾರದೆ, ನೀರಿನ ಕಟ್ಟೆಯ ಮೇಲೆ ಕೂತುಬಿಟ್ಟಳು.

“ನಿನ್ ಸಂಗದೋರು ಬಂದು ನನ್ ನೀರ ಹೊತ್ತಾರೇನಮ್ಮಿ?”

“ನಾ ಹೊತ್ತೀನಿ ಬುಡಿ ಅತ್ತೆ.”

“ನೀ ಹೊರೋಗಂಟ ನಾ ಬಾಯಾರ್ಕಂಡು ಕುಂತಿರ್ಬೇಕಾ?”

ಸೊಪ್ಪು ಕೀಳುವವರು ಒದ್ದೆ ಗಿಡ ತಾಗದಂತೆ ಸೊಂಟಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಳ್ಳುತ್ತಾರೆ. ನಮ್ಮ ಹಿತ್ತಲ ಗಿಡಗಳಿಗೆ ಇಳಿಯುವಾಗ ಅವ್ವ ಅದರ ಬದಲು ಗೋಣಿತಾಟು ಕಟ್ಟಿಕೊಂಡು ಹೋದಳು. ನೀರು ಕುಡಿದು ಗೋಣಿ ಕಲ್ಲಾಯಿತು. ಅವಳು ಕೆಮ್ಮುತ್ತ ಬಂದು ಒಲೆ ಮುಂದೆ ಕೂತಾಗ ಅಪ್ಪ ನಕ್ಕು, “ನಾಳೆ ನನ್ನೂ ಗೋಣಿಗೆ ತುಂಬಿ ಗಾಡಿಗೆ ಹಾಕ್ಬುಟ್ಟೀಯೆ, ನೋಡ್ಕಂಡು ಮಾಡು” ಎಂದ. ಅವ್ವ ನಗಲಿಲ್ಲ. ಮರುದಿನ ಪ್ಲಾಸ್ಟಿಕ್ ಹಾಳೆಯನ್ನೇ ಕಟ್ಟಿಕೊಂಡಳು. ಕೆಲವಕ್ಕೆ ಬದಲಿ ಇಲ್ಲ ಎಂಬುದನ್ನು ಅವಳು ಒಪ್ಪಿಕೊಂಡದ್ದನ್ನು ನಾನು ನೋಡಿದ್ದು ಆಗ ಒಂದೇ ಸಲ.

ಬದಲಿ ಇಲ್ಲದ ಇನ್ನೊಂದು ವಸ್ತು ಅಜ್ಜಿಯ ಕೊರಳಲ್ಲಿತ್ತು. ನಾವು ಲಿಂಗ ಕಟ್ಟುವವರು. ಚಿಕ್ಕಂದಿನಲ್ಲಿ ಗುರುಗಳಾದ ಅಯ್ನೋರು ಕೊಟ್ಟ ಇಷ್ಟಲಿಂಗವನ್ನು ಬಟ್ಟೆಯಲ್ಲಿ ಸುತ್ತಿ, ಶಿವದಾರಕ್ಕೆ ಕಟ್ಟಿ ಎದೆಯ ಮೇಲೆ ಧರಿಸುತ್ತೇವೆ. ಬೆಳಿಗ್ಗೆ ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡಿ, ಆಮೇಲೆಯೇ ಬಾಯಿಗೆ ನೀರು. ಸತ್ತಾಗ ಅದನ್ನು ಅದೇ ಅಂಗೈಯಲ್ಲಿಟ್ಟು, ಗುಣಿಯಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಲಿಂಗದ ಮೇಲಿನ ಕಪ್ಪು ಲೇಪಕ್ಕೆ ಕಂತಿ ಎನ್ನುತ್ತಾರೆ. ವರ್ಷವಿಡೀ ತೇವವಿರುವ ಬಟ್ಟೆಯಲ್ಲಿ ಇದ್ದು ಆ ಕಂತಿ ಮೆದುವಾಗಿ ಬಿಟ್ಟುಕೊಂಡೀತು ಎಂಬ ಹೆದರಿಕೆ ಅಜ್ಜಿಗೆ. ಅದಕ್ಕೇ ಅವಳು ಮೊದಲು ಹಾಲಿನ ಕವರಿನ ಒಂದು ತುಂಡಿನಲ್ಲಿ ಸುತ್ತಿ, ಮೇಲೆ ಬಟ್ಟೆ ಕಟ್ಟುತ್ತಿದ್ದಳು. “ಲಿಂಗ ಮೈ ಬುಟ್ರೆ ಪ್ರಾಣ ಮೈ ಬುಟ್ಟಂಗೆ ಕನ ಕೂಸೆ” ಎಂದು ನನಗೆ ಹೇಳಿಕೊಟ್ಟವಳೂ ಅವಳೇ. ಅವ್ವನೂ ಲಿಂಗ ಕಟ್ಟಿದ್ದಳು, ಆದರೆ ಅವಳ ಪೂಜೆ ಹಾಲು ಉಕ್ಕುವಷ್ಟರಲ್ಲಿ ಮುಗಿಯುತ್ತಿತ್ತು. “ನಿನ್ ಸಿವ ಬಸ್ ಹಿಡೀಬೇಕೇನೋ ಪಾಪ” ಎಂದು ಅಜ್ಜಿ ಚುಚ್ಚುತ್ತಿದ್ದಳು.

ಮಸಿನಗುಡಿ ಕಡೆಯಿಂದ ಜೇನು ಮಾರುವವರು ತರುತ್ತಿದ್ದ ಮೇಣವನ್ನು ಅವ್ವ ಹೆಂಚಿನ ಮೇಲೆ ಕರಗಿಸಿ, ಹಳೆ ಹತ್ತಿಸೀರೆಯ ತುಂಡುಗಳಿಗೆ ಹಚ್ಚಿ ಆರಿಸಿ, ರೊಟ್ಟಿ ಸುತ್ತಲು ಇಟ್ಟುಕೊಂಡಿದ್ದಳು. ಒಂದು ದಿನ ಅಂಥದೇ ಒಂದು ಚೌಕವನ್ನು ಅಂಚು ಹೊಲಿದು ಚೆಂದ ಮಾಡಿ ಅಜ್ಜಿಯ ಮುಂದೆ ಹಿಡಿದಳು.

“ಅತ್ತೆ, ಇದ್ರಲ್ಲಿ ಸುತ್ತಿ ಮಡಿಕಳಿ. ಒಂದ್ ತೊಟ್ಟು ನೀರೂ ಇಳಿಯಾಕಿಲ್ಲ.”

“ಹುಳ ಉಗುಳಿದ್ದ ನನ್ ಲಿಂಗಕ್ಕ ಸುತ್ತಾನ?”

“ಅದೇ ಹುಳದ ತುಪ್ಪವ ಸ್ವಾಮಿ ತಲೆ ಮ್ಯಾಲೆ ಸುರೀತಿರಲ್ಲ.”

“ತುಪ್ಪ ಉಣ್ಣೋದು, ಮೇಣ ಅವುಗಳ ಮನೆ. ನಿಮ್ಮನೇಲಿ ಉಂಡೆ ಅಂತ ನಿಮ್ಮನೆ ಗೋಡೆ ನೆಕ್ಕಾಕಾಯ್ತದಾ?”

ಅಪ್ಪ ಅನ್ನದ ತಟ್ಟೆಯ ಮೇಲೆ ಬಾಗಿ ನಗು ತಡೆದುಕೊಂಡ. ಅವ್ವ ಆ ಚೌಕವನ್ನು ಮಡಿಸಿ ಮಿಷನ್ನಿನ ಪೆಟ್ಟಿಗೆಗೆ ಹಾಕಿದಳು. ಅವತ್ತಿನಿಂದ ಅವಳು ಅಜ್ಜಿಯನ್ನು ಕೇಳುವುದನ್ನೇ ಬಿಟ್ಟಳು. ಕೇಳದೆ ಮಾಡತೊಡಗಿದಳು. ಹುರಿಯ ಮೇಲಿನ ಕವರು ರಾತ್ರಿ ಇದ್ದದ್ದು ಬೆಳಿಗ್ಗೆ ಇರುತ್ತಿರಲಿಲ್ಲ. ಅಜ್ಜಿ ಮತ್ತೆಲ್ಲಿಂದಲೋ ತಂದು ಹಾಕುತ್ತಿದ್ದಳು. ನನ್ನನ್ನು ಇಬ್ಬರೂ ಕರೆದು ಕೇಳುತ್ತಿದ್ದರು, ಯಾರು ತೆಗೆದರು, ಯಾರು ತಂದರು ಎಂದು. ನಾನು ಗೊತ್ತಿಲ್ಲ ಎನ್ನುವುದನ್ನು ಕಲಿತೆ.

ಆಡಿ ತಿಂಗಳ, ಅಂದರೆ ಆಷಾಢದ, ಮಳೆಯಲ್ಲಿ ಅಜ್ಜಿಗೆ ಜ್ವರ ಬಂತು. ಮಂಜಿಗೆ ಕೊಳೆತಿದ್ದ ಅವಳ ಶಿವದಾರ ಅದೇ ವಾರ ಕಿತ್ತಿತು. ಹೊಲಿಗೆ ದಾರ ಕೊಡುತ್ತೇನೆಂದು ಅವ್ವ ಹೇಳಿದರೆ, ಚೀಲ ಹೊಲಿಯೋ ದಾರ ನನಗೆ ಬೇಡ ಎಂದಳು. ಗುಂಡ್ಲುಪೇಟೆಯಿಂದ ತರುತ್ತೇನೆ ಎಂದು ಅಪ್ಪ ಹೇಳಿದ. ಸೊಪ್ಪಿನ ಕಾಲವಾದ್ದರಿಂದ ಅವನಿಗೆ ರಜೆ ಸಿಗಲಿಲ್ಲ. ಅಲ್ಲಿಯವರೆಗೆ ಅಜ್ಜಿ ಲಿಂಗವನ್ನು ಸೊಂಟದ ಮಡಿಕೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಜ್ವರ ಏರಿ, ಬೆವರಿಗೆ ಸೀರೆ ಬದಲಿಸಬೇಕಾಗಿ ಬಂದಾಗ ಬಟ್ಟೆಯಿಲ್ಲದೆ ಬರೀ ಕವರಿನಲ್ಲಿ ಸುತ್ತಿದ್ದ ಲಿಂಗವನ್ನು ದಿಂಬಿನ ಮಗ್ಗುಲಿಗೆ ಇಟ್ಟು ಮರೆತಳು. ನರ್ಸಮ್ಮ ಬಂದು ಮಾತ್ರೆ ಕೊಟ್ಟು, ಗಂಜಿ ನೀರು ಬಿಡದೆ ಕುಡಿಸಿ, ನೀರು ಕಡಿಮೆಯಾದರೆ ಈ ವಯಸ್ಸಿಗೆ ಕಷ್ಟ ಎಂದು ಹೇಳಿ ಹೋಗಿದ್ದರು.

ಮನೆಮನೆಯ ಪ್ಲಾಸ್ಟಿಕ್ ಒಯ್ಯಲು ಸಂಘದವರು ಗೊತ್ತು ಮಾಡಿದ್ದ ಗಾಡಿ ಮರುದಿನ ಬೆಳಿಗ್ಗೆ ಬಂತು. ಅಜ್ಜಿ ಕಂಬಳಿ ಹೊದ್ದು ಒಲೆ ಮುಂದೆ ಕೂತಿದ್ದಳು. ಹಾಸಿಗೆ ಒದ್ದೆಯಾಗಿದೆ, ಕೊಡವುತ್ತೇನೆ ಎಂದು ಅವ್ವ ಮಧ್ಯದ ಕೋಣೆಗೆ ಹೋದಳು. ಹಾಸಿಗೆಯಡಿಯ ಗಂಟು ತೆಗೆದಳು. ದಿಂಬಿನ ಪಕ್ಕ ಬಿದ್ದಿದ್ದ ಮಡಿಸಿದ ಕವರುಗಳನ್ನೂ ಅದಕ್ಕೇ ತುರುಕಿದಳು. ಬಿಚ್ಚಿ ನೋಡಲಿಲ್ಲ. ಬಿಚ್ಚಿದರೆ ಸದ್ದಾಗುತ್ತದೆ, ಅಜ್ಜಿ ಎದ್ದು ಬರುತ್ತಾಳೆ. ಮೇಲೆ ರಸ್ತೆಯಲ್ಲಿ ಹಾರನ್ನು ಕೇಳಿಸಿತು. ಅವ್ವ ಗಂಟನ್ನು ಸೆರಗಿನಡಿ ಹಿಡಿದು ಮೆಟ್ಟಿಲು ಹತ್ತಿ ಓಡಿದಳು. ವಾಪಸು ಬಂದಾಗ ಅವಳ ಮುಖದಲ್ಲಿ ಒಂದು ಗೆಲುವಿತ್ತು.

ಮತ್ತೆ ಹಾಸಿಗೆಗೆ ಹೋಗಿ ಮಲಗಿದ್ದ ಅಜ್ಜಿಗೆ ಮಧ್ಯಾಹ್ನದ ಹೊತ್ತಿಗೆ ಒಂದಿಷ್ಟು ಬೆವರು ಬಿಟ್ಟು ಎಚ್ಚರವಾಯಿತು. ಪೂಜೆಗೆ ಎಂದು ದಿಂಬಿನ ಕಡೆ ಕೈ ಹಾಕಿದಳು. ಹಾಸಿಗೆ ತಡವಿದಳು, ಸೊಂಟ ತಡವಿದಳು, ಮತ್ತೆ ಹಾಸಿಗೆ. ಅವ್ವ ಗಂಜಿಯ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅಜ್ಜಿ ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ.

“ಇಲ್ಲಿದ್ದ ಕವರೆಲ್ಲ ಏನಾದೊ ಗೌರಿ?”

“ಗಾಡಿಗೆ ಕೊಟ್ಟೆ ಅತ್ತೆ.”

“ನನ್ ಲಿಂಗ ಇತ್ತಲ್ಲವ್ವ ಅದ್ರಲ್ಲಿ.”

ಲೋಟ ಅವ್ವನ ಕೈಯಲ್ಲೇ ವಾಲಿ ಗಂಜಿ ನೆಲಕ್ಕೆ ಚೆಲ್ಲಿತು. ಅಜ್ಜಿ ಗೋಡೆಗೆ ಒರಗಿ ಕೂತು ಕಣ್ಣು ಮುಚ್ಚಿದಳು.

“ಅದು ಬರೋಗಂಟ ನಂಗೆ ನೀರೂ ಬ್ಯಾಡ. ಬಲವಂತ ಮಾಡ್ಬ್ಯಾಡಿ.”

ಅವ್ವ ಅಂಗಡಿಯಿಂದ ಫೋನು ಮಾಡಿಸಿ ಅಪ್ಪನನ್ನು ಕರೆಸಿದಳು. ಅವನು ಬಂದು ಅಜ್ಜಿಯ ಕಾಲು ಹಿಡಿದ, ಅಯ್ನೋರಿಗೆ ಹೇಳಿ ಬೇರೆ ಲಿಂಗ ಕಟ್ಟಿಸುತ್ತೇನೆ ಎಂದ, ಮಾತ್ರೆಯನ್ನಾದರೂ ನುಂಗು ಎಂದ. ಆಸ್ಪತ್ರೆಗೆ ಹೋಗಿ ಗ್ಲುಕೋಸ್ ಹಾಕಿಸೋಣ ಎಂದರೆ, “ಅದೂ ನೀರೆ ಕನ ಮಗ” ಎಂದಳು. ತುಟಿ ಒಣಗಿ ಬಿಳಿಯಾಗಿತ್ತು. ಅಪ್ಪ ಅಡುಗೆಮನೆಗೆ ಬಂದು ದನಿ ತಗ್ಗಿಸಿ ಅವ್ವನನ್ನು ಕೇಳಿದ.

“ಮುಟ್ಟಬ್ಯಾಡ ಅಂತ ಎಷ್ಟ್ ಸಲ ಹೇಳಿದ್ದೆ?”

“ಹೇಳಿದ್ರಿ.”

“ನಮ್ಮವ್ವ ಹೋದ್ರೆ ಗೌರಿ, ನಿನ್ ಮಕ ನಾ ಹೆಂಗೆ ನೋಡ್ಲಿ?”

ಅವ್ವ ಶಾಲು ಹೊದ್ದು, ಬಾ ಕೂಸೆ ಎಂದು ನನ್ನ ಕೈ ಹಿಡಿದು ಬಸ್ಸಿಗೆ ಹೊರಟಳು.

ಊಟಿಯ ಹೊರಗೆ, ಗಾಡಿಗಳು ಬಂದು ಸುರಿಯುವ ಒಂದು ಶೆಡ್ಡು. ಒಳಗೆ ಕಾಲಿಟ್ಟಾಗ ನನಗೆ ಅಳು ಬಂತು. ನಮ್ಮ ಒಲೆಯ ಮೇಲೆ ಕಾಣುತ್ತಿದ್ದ ಅದೇ ಹಾಲಿನ ಕವರು, ಅದೇ ನೀಲಿ ಅಕ್ಷರ, ಗುಡ್ಡವಾಗಿ ಬಿದ್ದಿತ್ತು. ಅವ್ವ ಸೆರಗು ಬಿಗಿದು ಗುಡ್ಡಕ್ಕೆ ಕೈ ಹಾಕಿದಳು. ಪ್ಲಾಸ್ಟಿಕ್ ಆರಿಸಿ ಬೇರೆ ಬೇರೆ ಮಾಡುತ್ತಿದ್ದ ಹೆಂಗಸರ ಮೇಲ್ವಿಚಾರಣೆಗೆ ಇದ್ದಾಕೆ ಸೊಂಟಕ್ಕೆ ಕೈಯಿಟ್ಟು ನಕ್ಕಳು.

“ಎನ್ನಮ್ಮಾ ತೇಡುರೇ, ತಂಗಮಾ?”

ಚಿನ್ನ ಹುಡುಕುತ್ತಿದ್ದೀಯಾ ಎಂದು ತಮಿಳಿನಲ್ಲಿ ಕೇಳಿದ್ದು. ಅವ್ವ ತಲೆಯೆತ್ತದೆ ಹೇಳಿದಳು.

“ಸಾಮಿ ಅಕ್ಕಾ. ಎಂಗ ಮಾಮಿಯಾರೋಡ ಸಾಮಿ.”

ಅತ್ತೆಯ ದೇವರು ಎಂದದ್ದು ಕೇಳಿ ಆಕೆಯ ನಗು ನಿಂತುಹೋಯಿತು. ಚಪ್ಪಲಿ ಬಿಟ್ಟು ಬಂದು ಅವ್ವನ ಪಕ್ಕ ಕುಕ್ಕರಗಾಲಲ್ಲಿ ಕೂತಳು, ಉಳಿದವರನ್ನೂ ಕರೆದಳು. ಒಂದೊಂದು ಕವರನ್ನೂ ಬಿಡಿಸಿ, ಹಿಸುಕಿ ನೋಡಿದೆವು. ಹುಳಿ ಮೊಸರಿನ ವಾಸನೆ ಕೈಗೆ ಹತ್ತಿತು. ಅಜ್ಜಿಯ ಸೀರೆಯ ತುಂಡು ಸಿಕ್ಕಿತು, ಬಿಚ್ಚಿಹೋಗಿತ್ತು. ಅವರೆಬೀಜ ನೆಲದಲ್ಲೆಲ್ಲ ಹರಡಿತ್ತು. ಹುಣಸೆಹಣ್ಣಿನ ಉಂಡೆಯೊಂದು ಸಿಕ್ಕಾಗ ಅವ್ವ ಲಿಂಗವೆಂದುಕೊಂಡು ಕೂಗಿಬಿಟ್ಟಳು, ಆಮೇಲೆ ಅದನ್ನು ನೋಡಿ ಪಕ್ಕಕ್ಕಿಟ್ಟಳು. ಬೆಳಗಿನ ಗಾಡಿಯದ್ದರಲ್ಲಿ ಅರ್ಧ ಆಗಲೇ ಒತ್ತಿ ಕಟ್ಟಿ ಲಾರಿಯಲ್ಲಿ ಘಟ್ಟ ಇಳಿದಿದೆ ಎಂದು ಆ ಹೆಂಗಸು ಮೆಲ್ಲಗೆ ಹೇಳಿದಳು. ಅವ್ವ ಮತ್ತೂ ಹುಡುಕಿದಳು. ಬಸ್ಸು ತಪ್ಪಿಹೋಗುತ್ತದೆ ಎಂದು ಅವರೇ ಎಬ್ಬಿಸಿ ಕಳಿಸಬೇಕಾಯಿತು. ಏಳುವಾಗ ಅವ್ವ ಒಂದು ಹಾಲಿನ ಕವರನ್ನು ಮಡಿಸಿ ಕೈಯಲ್ಲಿ ಹಿಡಿದುಕೊಂಡದ್ದು ನೋಡಿದೆ.

ನಮ್ಮ ತಿರುವಿನಲ್ಲಿ ಬಸ್ಸಿಳಿದಾಗ ಇನ್ನೂ ಒಂದಿಷ್ಟು ಬೆಳಕಿತ್ತು. ರಸ್ತೆ ಬದಿಗೆ ಬೆಟ್ಟದಿಂದ ಸದಾ ನೀರು ಬೀಳುವ ಒಂದು ಕೊಳವೆ ಇದೆ. ಅವ್ವ ಅಲ್ಲಿ ನಿಂತಳು. ಯಾರಾದರೂ ಬರುತ್ತಾರೇನೋ ನೋಡು ಎಂದಳು. ನಾನು ರಸ್ತೆ ನೋಡಲಿಲ್ಲ, ಅವಳನ್ನೇ ನೋಡಿದೆ. ರವಿಕೆಯೊಳಗಿಂದ ತನ್ನ ಲಿಂಗದ ಬಟ್ಟೆ ಎಳೆದು ಬಿಚ್ಚಿದಳು. ಲಿಂಗವನ್ನು ನೀರಿಗೆ ಹಿಡಿದು ತೊಳೆದು ಹಣೆಗೆ ಒತ್ತಿಕೊಂಡಳು. ಅವಳ ಅತ್ಯಂತ ದೀರ್ಘವಾದ ಪೂಜೆ ಬಹುಶಃ ಅದೇ. ಆಮೇಲೆ ಅದನ್ನು ಹಾಲಿನ ಕವರಿನಲ್ಲಿ, ಅಜ್ಜಿ ಸುತ್ತುತ್ತಿದ್ದ ರೀತಿಯಲ್ಲೇ ಸುತ್ತಿದಳು. ತನ್ನ ಖಾಲಿ ಬಟ್ಟೆಯೊಳಗೆ, ಸೆರಗಿನ ಗಂಟಿನಲ್ಲಿದ್ದ ವಿಭೂತಿಯ ತುಂಡೊಂದನ್ನು ಇಟ್ಟು ಮತ್ತೆ ಕೊರಳಿಗೆ ಕಟ್ಟಿಕೊಂಡಳು. ಅಜ್ಜಿ ಹೇಳಿಕೊಟ್ಟ ಮಾತು ನನಗೆ ಬಾಯಿಪಾಠವಾಗಿತ್ತು. ಲಿಂಗ ಮೈ ಬಿಟ್ಟರೆ ಪ್ರಾಣ ಮೈ ಬಿಟ್ಟ ಹಾಗೆ.

“ಅವ್ವ, ನೀ ಸತ್ತೋಯ್ತೀಯಾ?”

“ಇವತ್ತು ಸಾಯಕ ಪುರುಸೊತ್ತಿಲ್ಲ ಕನ ಕೂಸೆ. ನಡಿ. ಯಾರ್ಗೂ ಹೇಳ್ಬ್ಯಾಡ. ನಿಮ್ಮಪ್ಪಂಗೂ.”

ಮಧ್ಯದ ಕೋಣೆಯಲ್ಲಿ ಅಪ್ಪ ಅಜ್ಜಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಅಜ್ಜಿಯ ಉಸಿರು ಬಾಯಿಂದ ಬರುತ್ತಿತ್ತು. ಸಿಕ್ಕಿತು ಎಂದಳು ಅವ್ವ, ಅಷ್ಟೇ. ಅಪ್ಪ ಅಜ್ಜಿಯನ್ನು ಎತ್ತಿ ಕೂರಿಸಿದ. ಅಜ್ಜಿ ಕವರು ಬಿಡಿಸಿ ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡಳು. ಹೆಬ್ಬೆರಳಿನಿಂದ ಅದರ ಸುತ್ತ ಸವರಿದಳು. ನಿಲ್ಲಿಸಿದಳು. ಇನ್ನೊಮ್ಮೆ ಸವರಿದಳು. ನಾನು ಅವ್ವನ ಸೀರೆಯ ಹಿಂದೆ ನಿಂತಿದ್ದೆ. ಅಜ್ಜಿ ತಲೆಯೆತ್ತಿ ಅವ್ವನ ಮುಖ ನೋಡಿದಳು. ಅಲ್ಲಿಂದ ಅವಳ ಕಣ್ಣು ಅವ್ವನ ಕೊರಳಿನ ದಾರಕ್ಕೆ ಇಳಿಯಿತು. ಎಷ್ಟೋ ಹೊತ್ತು ಅಲ್ಲೇ ಇತ್ತು. ಅಪ್ಪ ಗಾಬರಿಯಾಗಿ, ಏನಾಯ್ತವ್ವ ಎಂದ.

“ಏನಿಲ್ಲ. ನೀರ್ ಕೊಡು.”

ಅಜ್ಜಿ ಲಿಂಗದ ಮೇಲೆ ನೀರು ಬಿಟ್ಟಳು. ಆ ನೀರನ್ನು ಬಟ್ಟಲಿಗೆ ಬಸಿದು, ತಾನು ಕುಡಿಯದೆ, ಅವ್ವನ ಕಡೆ ಚಾಚಿದಳು.

“ಮೊದ್ಲು ನೀ ತಕ.”

“ನೀವ್ ಕುಡೀರಿ ಅತ್ತೆ, ಬೆಳಗ್ಗಿಂದ ಒಂದ್ ತೊಟ್ಟೂ...”

“ನೀ ತಕಂಡ್ರೆ ನಾ ತಕತೀನಿ.”

ಅವ್ವ ಕುಡಿದಳು. ಆಮೇಲೆ ಅಜ್ಜಿ ಕುಡಿದಳು, ಗಂಜಿಯನ್ನೂ ಕುಡಿದಳು, ಮಾತ್ರೆ ನುಂಗಿದಳು. ಅಪ್ಪ ಹಿತ್ತಲಿಗೆ ಹೋಗಿ ಅತ್ತ.

ಅಜ್ಜಿ ಆಮೇಲೆ ಬಹಳ ವರ್ಷ ಬದುಕಿದಳು. ಪ್ರತಿ ದಿನ ಬೆಳಿಗ್ಗೆ ಪೂಜೆಗೆ ಕೂತಾಗ, ಬಾರಮ್ಮಿ ಎಂದು ಅವ್ವನನ್ನು ಕರೆಯುತ್ತಿದ್ದಳು. ಅಜ್ಜಿಯ ಅಂಗೈಯ ಮೇಲೆ ಅವ್ವ ನೀರು ಬಿಡುತ್ತಿದ್ದಳು. ಸೊಸೆಗೆ ಭಕ್ತಿ ಬಂತು ಎಂದು ಅಪ್ಪ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಜಗಳ ನಿಲ್ಲಲಿಲ್ಲ, ಆದರೆ ಅದರ ದನಿ ಬೇರೆಯಾಯಿತು. ಅವ್ವ ಒಂದು ಕವರು ತೆಗೆಯಬೇಕಾದರೂ, ಇದನ್ನ ಕೊಡ್ಲಾ ಅತ್ತೆ ಎಂದು ಕೇಳುತ್ತಿದ್ದಳು. ಅಜ್ಜಿ ಕೆಲವು ಸಲ ಬೇಡ ಎನ್ನುತ್ತಿದ್ದಳು, ಅದು ಅಲ್ಲೇ ಉಳಿಯುತ್ತಿತ್ತು. ಈ ಮನೆಯಿಂದ ಪ್ಲಾಸ್ಟಿಕ್ ಪೂರ್ತಿ ಹೋಗಲು ಅಷ್ಟು ವರ್ಷ ಹಿಡಿದದ್ದು ಅದಕ್ಕೇ. ನಾನು ಮಾತ್ರ ಅವ್ವನ ಪಕ್ಕ ಮಲಗಿ ಅವಳ ಉಸಿರು ಕೇಳಿಸಿಕೊಳ್ಳುವ ಹುಡುಗಿಯಾದೆ. ಸ್ಕೂಲಿನಿಂದ ಓಡಿ ಬಂದು ಮಿಷನ್ನಿನ ಸದ್ದು ಕೇಳಿಸಿದರೆ ಬ್ಯಾಗು ಕೆಳಗಿಡುತ್ತಿದ್ದೆ. ಮಾತು ಕಡಿಮೆಯವಳು ಎಂದು ಗಂಡನ ಮನೆಯಲ್ಲೂ ಹೇಳುತ್ತಾರೆ. ಒಂದು ಮಾತನ್ನು ಹೇಳದೆ ಇಟ್ಟುಕೊಳ್ಳಬೇಕಾದರೆ ಉಳಿದವನ್ನೂ ಕಡಿಮೆ ಮಾಡಬೇಕಾಗುತ್ತದೆ. ಅಜ್ಜಿ ಹೋದಾಗ ಆ ಲಿಂಗವನ್ನು ಅವಳ ಅಂಗೈಯಲ್ಲಿಟ್ಟು ಮಣ್ಣು ಮಾಡಿದರು. ಅವ್ವ ನೋಡುತ್ತ ನಿಂತಿದ್ದಳು.

ಈ ಸಲ ಅವ್ವನನ್ನು ಗುಣಿಯಲ್ಲಿ ಕೂರಿಸಿದ ಮೇಲೆ ಅಯ್ನೋರು ಅವಳ ಕೊರಳಿನ ಬಟ್ಟೆ ಬಿಚ್ಚಿದರು. ವಿಭೂತಿಯ ತುಂಡು ಪುಡಿಯಾಗಿ ಅವರ ಬೆರಳಿಗೆ ಅಂಟಿತು. ಅವರು ಬಟ್ಟೆಯನ್ನು ತಿರುಗಿಸಿ ಕೊಡವಿ ನೋಡಿದರು.

“ಲಿಂಗ ಎಲ್ಲಿ?”

ನಾನು ಪಕ್ಕದ ಅಜ್ಜಿಯ ಸಮಾಧಿ ತೋರಿಸಿದೆ.

“ಅಜ್ಜಿ ಕೈಲದೆ.”

ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಶೆಡ್ಡು, ಕೊಳವೆ, ಹಾಲಿನ ಕವರು. ಅಯ್ನೋರು ತಮ್ಮ ಜೋಳಿಗೆಯಿಂದ ಬೇರೊಂದು ಲಿಂಗ ತೆಗೆದು ಅವ್ವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. ಅಪ್ಪ ಕೋಲೂರಿಕೊಂಡು ಗುಣಿಯ ಅಂಚಿನಲ್ಲಿ ನಿಂತಿದ್ದ. ಅವನ ಕಣ್ಣು ಅಜ್ಜಿಯ ಸಮಾಧಿಯ ಮೇಲಿತ್ತು.

“ಸಾಯೋ ಹಿಂದಲ ದಿನ ನಿಮ್ಮಜ್ಜಿ ನನ್ ಕರದು ಹೇಳುದ್ಲು ಕನ ಕೂಸೆ. ‘ಇದ ನನ್ ಜೊತೇಲಿ ಹಾಕ್ಬ್ಯಾಡ, ತಗದು ಗೌರಿಗೆ ಕೊಡು’ ಅಂತ.”

“ನೀನೇನ್ ಮಾಡ್ದೆ ಅಪ್ಪ?”

“ಜ್ವರ ಇತ್ತಲ್ಲ, ಏನೋ ಬಡಬಡಿಸ್ತಾವಳೆ ಅನ್ಕಂಡೆ. ಹೂಂ ಅಂದೆ.”

ಅಯ್ನೋರು ಮಣ್ಣು ಹಾಕಲು ಹೇಳಿದರು. ಮೊದಲ ಹಿಡಿ ಅಪ್ಪ ಹಾಕಬೇಕು. ಅವನು ಬಗ್ಗಿ ಮಣ್ಣು ತೆಗೆದುಕೊಂಡ. ಆದರೆ ಹಾಕಲಿಲ್ಲ. ಮುಷ್ಟಿ ಬಿಗಿಹಿಡಿದು ಅಲ್ಲೇ ನಿಂತ. ಕಡೆಗೆ ನಾನು ಹೋಗಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ.